ಸಹಿ ಕಲಿತರೆ ಸಾಲದು

ಗೋಪಿನಾಥಂ ಎಂದೊಡನೆ ನಮಗೆ ನೆನಪಾಗುವುದು ವೀರಪ್ಪನ್. ಮಲೆ ಮಹದೇಶ್ವರ ಬೆಟ್ಟದ ಆಚೆ, ಹನೂರು ತಾಲ್ಲೂಕಿನ ಅಂಚಿನಲ್ಲಿ ತಮಿಳುನಾಡಿಗೆ ಒತ್ತಿಕೊಂಡಿರುವ ಆ ಊರಿನ ಬಗ್ಗೆ ನಾವು ಪತ್ರಿಕೆಗಳಲ್ಲಿ ಓದಿದ್ದೆಲ್ಲ ಬಂದೂಕಿನ ಕಥೆಯೇ. ಅಲ್ಲಿನವರು ಏನನ್ನು ಓದಬಲ್ಲರು ಎಂದು ಕೇಳಿದವರು ಕಡಿಮೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿತ್ತು, ಚಾಮರಾಜನಗರ ಜಿಲ್ಲೆಯದು ಶೇ. 61ರ ಆಸುಪಾಸಿನಲ್ಲಿತ್ತು, ಹೆಂಗಸರದು ಶೇ. 55ರಷ್ಟು. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್, 2009ರ ಸಾಕ್ಷರ ಭಾರತ, 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮ - ಹೆಸರುಗಳು ಬದಲಾದವು. ಎಷ್ಟು ಜನ ಕಲಿತರು ಎಂಬ ಎಣಿಕೆಯ ಹಂಬಲ ಮಾತ್ರ ಬದಲಾಗಲಿಲ್ಲ. ಈಗಿನ ಪರೀಕ್ಷೆ ಓದು, ಬರಹ, ಲೆಕ್ಕಗಳಿಗೆ ತಲಾ 50 ಅಂಕ ಇಟ್ಟಿದೆ. ಬರೀ ಸಹಿಯನ್ನೇ ಸಾಕ್ಷರತೆ ಎನ್ನುತ್ತಿದ್ದ ಕಾಲಕ್ಕಿಂತ ಇದು ಮೇಲೇ. ಆದರೂ ಅಂಕಪಟ್ಟಿ ಹೇಳದ ಸಂಗತಿಯೊಂದಿದೆ.

ಅದನ್ನು ಈ ಸೀಮೆಯೇ ಹೇಳುತ್ತದೆ. ವೀರಪ್ಪನ್ ಬೇಟೆಯ ಕಾಲದಲ್ಲಿ ಇಲ್ಲಿನ ಕಾಡಂಚಿನ ಊರುಗಳ ಎಷ್ಟೋ ಜನ 'ಟಾಡಾ' ಕಾಯಿದೆಯಡಿ ಜೈಲು ಸೇರಿದರು. ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತಿದ್ದ ಕಾಯಿದೆ ಅದು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಬಹುಪಾಲು ಆರೋಪಿಗಳನ್ನು ಬಿಡುಗಡೆ ಮಾಡುವ ಹೊತ್ತಿಗೆ ಅವರ ಬಾಳಿನ ಎಷ್ಟೋ ವರ್ಷಗಳು ಕಳೆದುಹೋಗಿದ್ದವು. ಓದಲು ಬಂದಿದ್ದರೆ ಅವರೆಲ್ಲ ಪಾರಾಗುತ್ತಿದ್ದರು ಎಂದು ನಾವು ಹೇಳುತ್ತಿಲ್ಲ. ಆದರೆ ಕಾಗದದಲ್ಲೇನಿದೆ ಎಂದು ತಿಳಿಯದವನ ಹೆಬ್ಬೆಟ್ಟಿಗೂ ಸಹಿಗೂ ಏನು ವ್ಯತ್ಯಾಸ?

ಇನ್ನು ಭಾಷೆಯ ಮಾತು. ಗೋಪಿನಾಥಂನ ಮನೆಮಾತು ಹೆಚ್ಚಾಗಿ ತಮಿಳು. ಸರ್ಕಾರದ ಕಾಗದ ಕನ್ನಡ. ಲೋಕ ಶಿಕ್ಷಣ ನಿರ್ದೇಶನಾಲಯದ 'ಬಾಳಿಗೆ ಬೆಳಕು'ವಿನಂಥ ಕನ್ನಡ ಪಠ್ಯವನ್ನು ಹಾಗೇ ಕೈಗಿಟ್ಟರೆ ಇಂಥ ಊರಿನ ವಯಸ್ಕರು ಅಕ್ಷರವನ್ನೂ ಭಾಷೆಯನ್ನೂ ಒಟ್ಟಿಗೆ ಹೊರಬೇಕು. ಈ ಕಷ್ಟ ನಮಗೆ ಹೊಸದಲ್ಲ. ನಮ್ಮ ಮನೆಗಳ ಎಷ್ಟೋ ಅಮ್ಮಿಯರು ಖುರ್‌ಆನ್ ಓದಬಲ್ಲರು, ಉರ್ದು ಕಾಗದವನ್ನೂ ಓದಬಲ್ಲರು. ರೇಷನ್ ಕಾರ್ಡಿನ ಮುಂದೆ ಮಾತ್ರ 'ಅಂಗೂಠಾ ಛಾಪ್' ಆಗುತ್ತಾರೆ. ಬಲ್ಲ ಮಾತಿನಿಂದ ಹೊರಟು ಕನ್ನಡಕ್ಕೆ ದಾಟಿಸುವುದೇ ಕಲಿಸುವ ದಾರಿ.

ಇಂಗ್ಲಿಷ್ ಬೇಡವೆನ್ನಲಾಗದು. ಗುಳಿಗೆಯ ಹಾಳೆ, ಬ್ಯಾಂಕಿನ ಮೆಸೇಜು ಬರುವುದು ಅದರಲ್ಲೇ. ಗೋಪಿನಾಥಂನ ಜಂಗಲ್ ಲಾಡ್ಜಸ್ ಶಿಬಿರಕ್ಕೆ ಬರುವ ಪ್ರವಾಸಿಗರೊಡನೆ ಮಾತಾಡಲೂ ಅಷ್ಟಿಷ್ಟು ಬೇಕು. ವ್ಯಾಕರಣ ಬೇಡ, ಬಾಳಿಗೆ ಬೇಕಾದಷ್ಟು ಸಾಕು.

ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಪಡೆದರೆಂದು ನಮ್ಮ ಪರಂಪರೆ ಹೇಳುತ್ತದೆ. ಅಕ್ಷರದ ಬೆಲೆ ಬಿಡುಗಡೆ. ಆ ಪರಂಪರೆಯ ಜಮಾಅತ್‌ಗಳು ಮಸೀದಿಯ ಅಂಗಳದಲ್ಲಿ ಸಂಜೆಗೊಂದು ಗಂಟೆ ದೊಡ್ಡವರಿಗೆ ಕನ್ನಡ ಕಲಿಸಲು ಯಾವ ಯೋಜನೆಗೂ ಕಾಯಬೇಕಿಲ್ಲ.

ಕಲಿತವರ ಕೈಗೆ ಕೊನೆಗೊಂದು ಪಹಣಿಯನ್ನೋ ಸಾಲದ ಪತ್ರವನ್ನೋ ಅರಣ್ಯ ಇಲಾಖೆಯ ನೋಟೀಸನ್ನೋ ಕೊಡಿ. ಅದನ್ನು ಓದಿ, 'ಇದಕ್ಕೆ ನಾನು ಸಹಿ ಹಾಕುವುದಿಲ್ಲ' ಎನ್ನಲು ಬಂದರೆ ಅವರು ಸಾಕ್ಷರರು.