ತಿಲತಂಡುಲ: 2024ರ ಎರಡು ಮೆಟಲ್ ಆಲ್ಬಮ್‌ಗಳು

2024ರಲ್ಲಿ ಹೊರಬಂದ ಹೆವಿ ಸಂಗೀತದ ಕೃತಿಗಳಲ್ಲಿ ಶ್ರೇಷ್ಠವಾದದ್ದು ಯಾವುದೆಂಬ ಪ್ರಶ್ನೆಗೆ, ಆ ವರ್ಷದ ಕೊನೆಯ ತಿಂಗಳು ಇನ್ನೂ ಕಣ್ಣು ತೆರೆಯುವುದಕ್ಕೆ ಮುನ್ನವೇ, ಪಾಶ್ಚಾತ್ಯ ಸಂಗೀತವಿಮರ್ಶಕರಲ್ಲಿ ಅನೇಕರು ಒಂದೇ ಉತ್ತರವನ್ನು ಕೊಟ್ಟುಬಿಟ್ಟಿದ್ದರು: ಅಮೆರಿಕದ ಡೆನ್ವರ್ ನಗರದ ಬ್ಲಡ್ ಇನ್‌ಕ್ಯಾಂಟೇಶನ್ ತಂಡದವರು ಆ ಅಕ್ಟೋಬರಿನಲ್ಲಿ ಪ್ರಕಟಿಸಿದ ‘ಅಬ್ಸಲ್ಯೂಟ್ ಎಲ್ಸ್‌ವೇರ್’. ಅದೇ ವರ್ಷದ ಜೂನ್ ತಿಂಗಳಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಬಂದ ಅಲ್ಸರೇಟ್ ತಂಡದ ‘ಕಟಿಂಗ್ ದ ಥ್ರೋಟ್ ಆಫ್ ಗಾಡ್’ ಎಂಬ ಕೃತಿಗೂ ಪ್ರಶಂಸೆ ದೊರೆಯದೆ ಹೋಗಲಿಲ್ಲ. ಆದರೆ ಆ ಪ್ರಶಂಸೆಯು ವಿದ್ವಾಂಸನೊಬ್ಬನನ್ನು ಗೌರವಪೂರ್ವಕವಾಗಿ ವೇದಿಕೆಯ ಮೂಲೆಯ ಕುರ್ಚಿಯಲ್ಲಿ ಕೂರಿಸುವ ಬಗೆಯದು. ಈ ಆಸನವ್ಯವಸ್ಥೆಯು ತಲೆಕೆಳಗಾಗಿದೆಯೆಂಬುದೇ ನನ್ನ ತಕರಾರು.

ಡೆತ್ ಮೆಟಲ್ ಎಂದರೇನು, ಅಲ್ಲಿ ಗಾಯಕನು ಗಂಟಲಿನ ತಳದಿಂದ ಗುಡುಗುವುದೇಕೆ ಎಂಬಿವೇ ಮೊದಲಾದ ಪೀಠಿಕೆಯನ್ನು ಈ ಲೇಖನವನ್ನು ಕೈಗೆತ್ತಿಕೊಂಡ ವಾಚಕರಿಗೆ ಹೇಳಬೇಕಾದುದಿಲ್ಲ. ಇದನ್ನು ಇನ್ನೂ ಬರಿಯ ಗದ್ದಲವೆಂದೇ ಬಗೆದಿರುವ ಹಿರಿಯರೊಡನೆ ವಾದಕ್ಕಿಳಿಯುವ ಉತ್ಸಾಹವೂ ನನಗಿಲ್ಲ. 2007ರಲ್ಲಿ ಐರನ್ ಮೇಡನ್ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿಹೋದಂದಿಗೇ ಆ ವ್ಯಾಜ್ಯ ನಮ್ಮ ಪಾಲಿಗೆ ಮುಗಿಯಿತೆಂದು ತಿಳಿಯತಕ್ಕದ್ದು.

‘ಅಬ್ಸಲ್ಯೂಟ್ ಎಲ್ಸ್‌ವೇರ್’ನಲ್ಲಿರುವುವು ಎರಡೇ ರಚನೆಗಳು, ‘ದ ಸ್ಟಾರ್‌ಗೇಟ್’ ಮತ್ತು ‘ದ ಮೆಸೇಜ್’. ಒಂದೊಂದಕ್ಕೂ ‘ಟ್ಯಾಬ್ಲೆಟ್’ ಎಂಬ ಹೆಸರಿನ ಮೂರು ಮೂರು ಭಾಗಗಳು. ಒಟ್ಟು ಅವಧಿ ಮುಕ್ಕಾಲು ಗಂಟೆಯೊಳಗೆ. ಇದರ ಕೀರ್ತಿಗೆ ಆಧಾರವಾಗಿರುವ ಗುಣ ಒಂದೇ: ಡೆತ್ ಮೆಟಲಿನ ಉಗ್ರತೆಯನ್ನೂ ಎಪ್ಪತ್ತರ ದಶಕದ ಪ್ರೋಗ್ರೆಸಿವ್ ರಾಕಿನ ವಿಹಾರವನ್ನೂ ಒಂದೇ ಮೈಯಲ್ಲಿ ತಾಳಿರುವುದು. ನಿಜವಾಗಿ ತಾಳಿದೆಯೆ? ‘ದ ಸ್ಟಾರ್‌ಗೇಟ್’ನ ಮೊದಲ ಭಾಗವನ್ನೇ ಪರಾಂಬರಿಸೋಣ. ಐಸಾಕ್ ಫಾಕ್‌ನ ಡ್ರಮ್ಮು ಬಿರುಮಳೆಯ ವೇಗದಲ್ಲಿಯೂ ಒಂದೊಂದು ಪೆಟ್ಟನ್ನು ಬಿಡಿಬಿಡಿಯಾಗಿ ಕೇಳಿಸುತ್ತಿರುವಾಗ, ಎರಡು ಗಿಟಾರುಗಳು ಕೆಳಸ್ಥಾಯಿಯ ಒರಟಾದ ರಿಫ್ಫೊಂದನ್ನು ಹೆಣೆಯುತ್ತಿರುವಾಗ, ಪಾಲ್ ರೀಡಲ್‌ನ ಕಂಠವು ಅದರ ಮೇಲೆ ಗುಡುಗಿ ಇನ್ನೇನು ಈ ಆವೇಶವು ತನ್ನ ತರ್ಕವನ್ನು ತಾನೇ ಕಂಡುಕೊಳ್ಳಬೇಕೆನ್ನುವಷ್ಟರಲ್ಲಿ, ಎಲ್ಲವೂ ನಿಂತುಹೋಗುವುದು. ಡಿಸ್ಟಾರ್ಷನ್ ಕಳಚಿದ ಗಿಟಾರು, ಸಿಂಥಸೈಜರಿನ ತೆಳುವಾದ ಮುಸುಕು, ಜೆಫ್ ಬ್ಯಾರೆಟ್‌ನ ಜಾರುದನಿಯ ಫ್ರೆಟ್‌ಲೆಸ್ ಬಾಸ್ ಇವು ಬಂದು, ಪಿಂಕ್ ಫ್ಲಾಯ್ಡ್ ಕೇಳಿದವರಿಗೆಲ್ಲ ಪರಿಚಿತವಾದ ಒಂದು ಸಾವಧಾನದ ನಡಿಗೆಯಲ್ಲಿ ಅಡ್ಡಾಡತೊಡಗುವುವು. ನಡಿಗೆ ಸೊಗಸಾಗಿಯೇ ಇದೆ. ಆದರೆ ಈ ನಡಿಗೆಯು ಹಿಂದಿನ ಓಟದಿಂದ ಏನನ್ನು ಪಡೆದುಕೊಂಡಿದೆ? ಅಲ್ಲಿನ ಲಯದ ಯಾವ ಒತ್ತು ಇಲ್ಲಿ ಬೇರೊಂದು ರೂಪದಿಂದ ಬದುಕಿದೆ? ಅಲ್ಲಿನ ಯಾವ ಸ್ವರವು ಇಲ್ಲಿ ಹೊಸ ಅರ್ಥದಿಂದ ಕೇಳಿಸುತ್ತದೆ? ಎಷ್ಟು ಬಾರಿ ಕೇಳಿದರೂ ನನ್ನ ಕಿವಿಗೆ ಅಂಥದೊಂದು ಋಣಾನುಬಂಧ ಹತ್ತಲಿಲ್ಲ. ಈ ಎರಡು ಖಂಡಗಳ ನಡುವೆ ಕತ್ತರಿಯಾಡಿಸಿ ಬೇರೆ ಬೇರೆ ಇಟ್ಟರೆ ಎರಡಕ್ಕೂ ಗಾಯವಾಗದು, ಗಾಯವಾಗದಿರುವುದೇ ದೋಷ. ಮತ್ತೆ ಉಗ್ರಭಾಗವು ಮರಳಿದಾಗಲೂ ನಡುವಿನ ವಿಹಾರದ ನೆನಪು ಅದಕ್ಕಿರುವಂತೆ ತೋರದು. ನಿಲ್ಲಿಸಿದ್ದ ಯಂತ್ರವನ್ನು ಪುನಃ ಚಾಲೂ ಮಾಡಿದಂತಾಗುವುದು, ಅಷ್ಟೆ.

ನಮ್ಮ ಆಲಂಕಾರಿಕರು ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಬೆರೆಯುವ ಬಗೆಯನ್ನು ಎರಡಾಗಿ ವಿಂಗಡಿಸಿ, ಎಳ್ಳೂ ಅಕ್ಕಿಯೂ ಬೆರೆತಂತೆ ಬೇರ್ಪಡಿಸಬಹುದಾದ ಬೆರಕೆಯನ್ನು ಸಂಸೃಷ್ಟಿಯೆಂದೂ, ಹಾಲೂ ನೀರೂ ಬೆರೆತಂತೆ ಬೇರ್ಪಡಿಸಲಾಗದ ಬೆರಕೆಯನ್ನು ಸಂಕರವೆಂದೂ ಕರೆದರು. ಸಂಸೃಷ್ಟಿಯು ಅವರ ಮತದಲ್ಲಿ ದೋಷವಲ್ಲ, ನನ್ನ ಮತದಲ್ಲಿಯೂ ಅಲ್ಲ. ಆದರೆ ಸಂಸೃಷ್ಟಿಯನ್ನು ತೋರಿಸಿ ಸಂಕರವೆಂದು ಸಾರುವುದು ವಿಮರ್ಶೆಯ ಅಪಚಾರ. ‘ದ ಸ್ಟಾರ್‌ಗೇಟ್’ನ ಎರಡನೆಯ ಭಾಗದಲ್ಲಿ ಈ ಅಪಚಾರವು ಹಾಸ್ಯದ ಅಂಚನ್ನು ಮುಟ್ಟುತ್ತದೆ. ಆ ಭಾಗವು ಟ್ಯಾಂಜರೀನ್ ಡ್ರೀಮ್ ತಂಡದ ಚೈತನ್ಯವನ್ನು ಅದ್ಭುತವಾಗಿ ಆವಾಹಿಸಿದೆಯೆಂಬುದು ಅದರ ಬಗೆಗಿನ ಸ್ತುತಿ. ಅಲ್ಲಿ ಸಿಂಥಸೈಜರ್ ನುಡಿಸಿರುವವನು ಈಗ ಆ ತಂಡದ ಮುಂದಾಳಾಗಿರುವ ಥಾರ್ಸ್ಟೆನ್ ಕ್ವೆಶ್ನಿಂಗ್! ದೇವರೇ ಬಂದು ಕುಳಿತಿರುವಲ್ಲಿ ಆವಾಹನೆಯ ಮಂತ್ರವನ್ನು ಹೊಗಳಿ ಪ್ರಯೋಜನವೇನು? ಧ್ವನಿಮುದ್ರಣವು ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ, ಅಂದರೆ 1977ರಲ್ಲಿ ಡೇವಿಡ್ ಬೋವಿ ‘ಹೀರೋಸ್’ ಮುದ್ರಿಸಿದ ಗೋಡೆಗಳ ನಡುವೆ, ನಡೆಯಿತೆಂಬುದನ್ನೂ ವಿಮರ್ಶಕರು ಗುಣವೆಂಬಂತೆ ಎತ್ತಿ ಹೇಳುವರು. ಗೋಡೆಗಳು ಹಾಡುವುದಿಲ್ಲ.

ತಂಡದವರನ್ನು ದೂರಿ ಫಲವಿಲ್ಲ, ಅವರು ಪ್ರಾಮಾಣಿಕರು. ಎರಿಕ್ ಫಾನ್ ಡೆನಿಕನ್‌ನ ಅನ್ಯಗ್ರಹವಾಸಿಗಳ ಕಥೆಗಳಿಂದ ಪ್ರೇರಿತವಾಗಿ 1976ರಲ್ಲಿ ‘ಇನ್ ಸರ್ಚ್ ಆಫ್ ಏನ್ಶಿಯಂಟ್ ಗಾಡ್ಸ್’ ಎಂಬ ಕೃತಿಯನ್ನು ತಂದ, ಬಿಲ್ ಬ್ರುಫರ್ಡ್ ಡ್ರಮ್ ನುಡಿಸಿದ್ದ ‘ಅಬ್ಸಲ್ಯೂಟ್ ಎಲ್ಸ್‌ವೇರ್’ ಎಂಬ ಮಂಡಲಿಯ ಹೆಸರನ್ನೇ ಇವರು ತಮ್ಮ ಕೃತಿಗಿಟ್ಟು ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಳ್ಳದವರು ವಿಮರ್ಶಕರು. ಫ್ಲಾರಿಡಾದ ನಾಕ್ಟರ್ನಸ್ 1990ರಲ್ಲಿಯೇ ‘ದ ಕೀ’ಯಲ್ಲಿ ಡೆತ್ ಮೆಟಲಿನೊಳಕ್ಕೆ ಕೀಬೋರ್ಡನ್ನೂ ವೈಜ್ಞಾನಿಕ ಕಥೆಯನ್ನೂ ತಂದಿತ್ತು, 1993ರಲ್ಲಿ ಸಿನಿಕ್ ತಂಡವು ‘ಫೋಕಸ್’ನಲ್ಲಿ ಜ್ಯಾಝ್ ನಡೆಯನ್ನೂ ಯಂತ್ರಕಂಠವನ್ನೂ ಬೆಸೆದಿತ್ತು, ಸ್ವೀಡನ್ನಿನ ಓಪೆತ್ ಆ ದಶಕದ ನಡುವಿನಿಂದ ಮಾಡಿದ್ದೆಲ್ಲ ಇದೇ ಕಸುಬು. ಇದಿಷ್ಟನ್ನೂ ಮರೆತು ಹಿಂದೆಂದೂ ಕೇಳದ ಮಿಲನವೆಂದು ಬರೆಯಬೇಕಾದರೆ ಅಜ್ಞಾನ ಸಾಲದು, ಅವಸರವೂ ಬೇಕು; ಅವಸರವನ್ನು ವಾರ್ಷಿಕ ಪಟ್ಟಿಯ ಪದ್ಧತಿಯೇ ಒದಗಿಸುತ್ತದೆ. ಡಿಸೆಂಬರನ್ನು ಕಾಯದೆ ನವೆಂಬರಿನಲ್ಲಿಯೇ ಪಟ್ಟಿಯನ್ನು ಕಟ್ಟುವವನಿಗೆ ಬೇಕಾಗಿರುವುದು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಗುಣ. ಇಲ್ಲಿ ಡೆತ್ ಮೆಟಲ್, ಅಲ್ಲಿ ಫ್ಲಾಯ್ಡ್, ನಡುವೆ ಟ್ಯಾಂಜರೀನ್ ಡ್ರೀಮ್ ಎಂದು ಶೈಲಿಗಳನ್ನು ಎಣಿಸಲು ಬರುವ ಕೃತಿಯು ಅವನಿಗೆ ಸಿದ್ಧಾನ್ನ. ಎಣಿಸಲು ಬಾರದ ಕೃತಿಯನ್ನು ಅವನು ‘ದಟ್ಟ’, ‘ಕಠಿಣ’ ಎಂಬ ಎರಡು ವಿಶೇಷಣಗಳನ್ನು ಹೊದಿಸಿ ಹತ್ತನೆಯ ಸ್ಥಾನದಾಚೆಗೆ ಕಳುಹಿಸುವನು.

ಅಲ್ಸರೇಟಿನವರು ಮೂವರೇ: ಗಿಟಾರಿಗೆ ಮೈಕಲ್ ಹಾಗರ್ಡ್, ಬಾಸ್ ಮತ್ತು ಕಂಠಕ್ಕೆ ಪಾಲ್ ಕೆಲ್ಲಂಡ್, ಡ್ರಮ್ಮಿಗೆ ಜೇಮಿ ಸೇಂಟ್ ಮೆರಾಟ್. ಏಳು ರಚನೆಗಳು, ಒಟ್ಟು ಸುಮಾರು ಒಂದು ಗಂಟೆ, ಅತಿಥಿಗಳ ಮೆರವಣಿಗೆಯಿಲ್ಲ. ಮೊದಲ ರಚನೆಯಾದ ‘ಟು ಫ್ಲೋ ಥ್ರೂ ಆ್ಯಶನ್ ಹಾರ್ಟ್ಸ್’ನಲ್ಲಿ ಇವರ ಕಲಾರಹಸ್ಯವು ಪ್ರಕಟವಾಗುತ್ತದೆ. ಹಾಗರ್ಡ್ ಸ್ವರಗುಚ್ಛಗಳನ್ನು ಒಟ್ಟಾಗಿ ಹೊಡೆಯದೆ, ಒಂದೊಂದು ತಂತಿಯನ್ನೂ ಬಿಡಿಸಿ ಮೀಟಿ, ಪಕ್ಕದ ಸ್ವರಕ್ಕೆ ತಾಗಿ ತುಸು ಕಸಿವಿಸಿಗೊಳಿಸುವ ಸ್ವರವನ್ನು ಹಾಗೆಯೇ ಮೊಳಗಲು ಬಿಡುತ್ತಾನೆ; ಈ ಎಳೆಯು ಹೆಚ್ಚುಕಡಮೆ ಒಂದೇ ಗತಿಯಲ್ಲಿ ಮರಳಿ ಮರಳಿ ಬರುತ್ತಿರುವಾಗ, ಅದರ ಕೆಳಗೆ ಸೇಂಟ್ ಮೆರಾಟ್ ಒಮ್ಮೆ ಸಿಂಬಲಿನ ಅಂಚನ್ನು ಮಾತ್ರ ಸವರಿ, ಒಮ್ಮೆ ಅದೇ ಕಾಲಮಾನದೊಳಗೆ ಇಮ್ಮಡಿ ನಾಲ್ಮಡಿ ಪೆಟ್ಟುಗಳನ್ನು ತುಂಬಿ, ಒಮ್ಮೆ ಒತ್ತನ್ನು ನಾವು ನಿರೀಕ್ಷಿಸಿದ್ದ ಜಾಗದಿಂದ ಒಂದು ಪೆಟ್ಟಿನಷ್ಟು ಆಚೆಗೆ ಸರಿಸಿ, ಗಿಟಾರಿನ ಒಂದು ಸ್ವರವೂ ಬದಲಾಗದೆ ಇಡೀ ಸಂಗೀತದ ಭಾವವು ಬದಲಾಗುವಂತೆ ಮಾಡುತ್ತಾನೆ. ಮಂದ್ರವೂ ರೌದ್ರವೂ ಇಲ್ಲಿ ಎರಡು ಖಂಡಗಳಲ್ಲ. ಒಂದೇ ಸ್ವರಸಮೂಹದ ಎರಡು ಭಾರಗಳು. ಶಾಂತಭಾಗವು ಎಲ್ಲಿ ತೊಡಗಿತೆಂದು ಬೆರಳಿಟ್ಟು ತೋರಿಸಹೊರಟರೆ, ಅದು ಆಗಲೇ ಅರ್ಧ ಕಳೆದಿರುತ್ತದೆ. ಇಲ್ಲಿ ಕತ್ತರಿಗೆ ಎಡೆಯಿಲ್ಲ. ಹಾಲುನೀರಿನ ನ್ಯಾಯಕ್ಕೆ ಈಚಿನ ಮೆಟಲಿನಲ್ಲಿ ಇದಕ್ಕಿಂತ ಸಮರ್ಪಕವಾದ ಲಕ್ಷ್ಯವನ್ನು ನಾನರಿಯೆ.

ಅಲ್ಸರೇಟಿನಲ್ಲಿಯೂ ಕುಂದಿಲ್ಲವೆಂದಲ್ಲ. ಒಂದು ಗಂಟೆಯುದ್ದಕ್ಕೂ ಬಣ್ಣ ಒಂದೇ. ನಡುವಿನ ರಚನೆಗಳಲ್ಲಿ ಯಾವುದು ಮುಗಿದು ಯಾವುದು ತೊಡಗಿತೆಂದು ಹೆಸರು ನೋಡಿಯೇ ತಿಳಿಯಬೇಕಾದ ಗಳಿಗೆಗಳುಂಟು. ಕೆಲ್ಲಂಡ್‌ನ ಕಂಠವು ಮಾತನ್ನು ಹೇಳುವುದಕ್ಕಿಂತ ಹೆಚ್ಚಾಗಿ ಮೋಡವನ್ನು ಕವಿಸುತ್ತದೆ. ಅತ್ತ ಬ್ಲಡ್ ಇನ್‌ಕ್ಯಾಂಟೇಶನ್ನಿನವರು ‘ದ ಮೆಸೇಜ್’ನ ಹನ್ನೊಂದು ನಿಮಿಷ ಮೀರಿದ ಕೊನೆಯ ಭಾಗದಲ್ಲಿ ತಮ್ಮ ಎಳ್ಳನ್ನೂ ಅಕ್ಕಿಯನ್ನೂ ಕೊಂಚ ಹತ್ತಿರಕ್ಕೆ ತಂದಿದ್ದಾರೆಂಬುದನ್ನು ಒಪ್ಪಬಹುದು.

ಪಟ್ಟಿಗಳನ್ನು ಇಷ್ಟು ಬೈದವನು ತನ್ನದೊಂದನ್ನು ಕೊಡಬಾರದೆಂಬ ಶಾಸ್ತ್ರವೇನೂ ಇಲ್ಲವಷ್ಟೆ. ಅಲ್ಸರೇಟ್ ಮೊದಲನೆಯದು. ನವೆಂಬರ್ 22ರಂದು, ಅನೇಕ ಪಟ್ಟಿಗಳು ಅಚ್ಚಿಗೆ ಹೊರಡುವ ಹೊತ್ತಿಗೆ, ಬಂದ ಓಪೆತ್‌ನ ‘ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ ಎರಡನೆಯದು. ಮಿಕಾಯೆಲ್ ಓಕರ್‌ಫೆಲ್ಟ್ 2008ರ ನಂತರದ ಆಲ್ಬಮ್‌ಗಳಲ್ಲಿ ತೊರೆದಿದ್ದ ಗುಡುಗುಕಂಠವನ್ನು ಅಲ್ಲಿ ಮತ್ತೆ ತಂದಿರುವುದು ಅಭಿಮಾನಿಗಳ ಓಲೈಕೆಗಲ್ಲ, ಉಯಿಲು ಓದುವ ಕಥೆಯಲ್ಲಿ ಅದಕ್ಕೊಂದು ಪಾತ್ರವಿದೆ. ‘ಅಬ್ಸಲ್ಯೂಟ್ ಎಲ್ಸ್‌ವೇರ್’ ಮೂರನೆಯದು, ಅದೂ ಫಾಕ್‌ನ ಡ್ರಮ್ಮಿನ ದೆಸೆಯಿಂದ.