ನುಡಿಯುವುದು ಮತ್ತು ಆರಯ್ಯುವುದು

ಗಡಿನಾಡಿನ ನಮ್ಮ ಸಭೆಗಳಲ್ಲಿ ‘ಕವಿರಾಜಮಾರ್ಗ’ದ ಹೆಸರು ಬಾರದಿರುವುದು ಅಪೂರ್ವ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು ರಚಿಸಿದ ಈ ಲಕ್ಷಣಗ್ರಂಥದಿಂದ ನಾವು ಮೊದಲು ಉದಾಹರಿಸುವುದು ಕಾವೇರಿ ಗೋದಾವರಿಗಳ ನಡುವಣ ನಾಡಿನ ಎಲ್ಲೆಯನ್ನು ಹೇಳುವ ಪದ್ಯವನ್ನು. ಅನಂತರ, ವಿಶೇಷ ವ್ಯಾಸಂಗವಿಲ್ಲದೆಯೂ ನಮ್ಮವರು ಕಾವ್ಯದಲ್ಲಿ ನುರಿತವರೆಂಬ ಹೊಗಳಿಕೆಯನ್ನು. ಆ ಹೊಗಳಿಕೆಯ ಪದ್ಯಕ್ಕೆ ಒಂದು ಪೂರ್ವಾರ್ಧವುಂಟು. ಅದನ್ನು ನಾವು ಅಷ್ಟಾಗಿ ಲಕ್ಷಿಸಿಲ್ಲವೆಂದು ನನಗೆ ತೋರುತ್ತದೆ.

ಈ ನಾಡಿನ ಜನರು ಔಚಿತ್ಯವನ್ನು ತಿಳಿದು ಮಾತನಾಡಬಲ್ಲರು. ಇನ್ನೊಬ್ಬರು ಆಡಿದುದನ್ನು ಗ್ರಹಿಸಿ ವಿವೇಚಿಸಲೂ ಬಲ್ಲರು—ಇದು ಅಲ್ಲಿನ ಭಾವ. ಸ್ವದೇಶಪ್ರಶಂಸೆಯಲ್ಲಿ ಅತಿಶಯೋಕ್ತಿ ಇದ್ದೀತು. ಆದರೆ ಹೊಗಳುವುದಕ್ಕೆ ಕವಿ ಆರಿಸಿಕೊಂಡ ಗುಣ ಯಾವುದು? ಬರಿಯ ವಾಕ್ಚಾತುರ್ಯವಲ್ಲ, ನುಡಿಯುವ ಶಕ್ತಿಗೆ ಸರಿಸಮವಾಗಿ ಕೇಳುವ ಶಕ್ತಿ. ಅದೂ ಪಂಡಿತರ ಗುಣವಾಗಿ ಅಲ್ಲ, ನಾಡವರೆಲ್ಲರ ಗುಣವಾಗಿ. ಆದುದರಿಂದ ಇದು ಕಾವ್ಯಧರ್ಮವಾಗುವ ಮೊದಲೇ ಪೌರಧರ್ಮ. ‘ಆರಯ್’ ಎಂಬ ಹಳಗನ್ನಡ ಧಾತುವಿಗೆ ಪರೀಕ್ಷಿಸು, ವಿಚಾರಿಸು ಎಂದರ್ಥ. ಇಂದಿನ ‘ಆರೈಕೆ’ಯೂ ಅದರಿಂದಲೇ ಬಂದುದು. ಪರರ ಮಾತನ್ನು ವಿಚಾರಿಸುವುದೆಂದರೆ ಅದನ್ನು ಜೋಪಾನ ಮಾಡುವುದೂ ಹೌದು.

ಇದರ ಬೆಲೆ ಗಡಿನಾಡಿನವರಿಗೆ ಅನುಭವದಿಂದಲೇ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ತನ್ನ ಕಷ್ಟವನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅರಿಕೆಮಾಡಿಕೊಳ್ಳುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದಲ್ಲಿ ಅರ್ಜಿ ಬರೆದರೆ ಅರ್ಧ ಕೆಲಸವಾಯಿತು. ಅದನ್ನು ತಿಳಿದು ವಿಚಾರಿಸುವವರು ಆಚೆಯಲ್ಲಿ ಇಲ್ಲದಿದ್ದರೆ ಹಕ್ಕು ಕಾಗದದಲ್ಲಿಯೇ ಉಳಿದೀತು. ಆದರೆ ಇತರರಿಂದ ನಾವು ಬಯಸುವ ಈ ಆರಯ್ಕೆಯನ್ನು ನಮ್ಮ ನೆರೆಯ ಮಲೆಯಾಳಿಗೆ, ತುಳುವನಿಗೆ, ಬ್ಯಾರಿಗೆ ನಾವು ಕೊಡುತ್ತಿದ್ದೇವೆಯೇ?

ಇಂದು ಯಂತ್ರವೂ ವಾಕ್ಯ ರಚಿಸುತ್ತದೆ. ಕೈಯಲ್ಲಿಯ ಫೋನಿಗೆ ಬಂದ ಸುದ್ದಿಯನ್ನು ಓದದೆಯೇ ನೂರು ಮಂದಿಗೆ ಸಾಗಿಸುತ್ತೇವೆ. ಕೇಳಿದರೆ, “ನಾನು ಬರೆದುದಲ್ಲ” ಎನ್ನುತ್ತೇವೆ. ಆಡಿದ ಮಾತಿಗೆ ಹೊಣೆಯಾಗಿ ನಿಲ್ಲುವವನು ಇದ್ದಾನೆಂಬುದರಲ್ಲಿಯೇ ಮನುಷ್ಯವಾಣಿಯ ಹಿರಿಮೆಯಿದೆ.

ಅಧ್ಯಾಪಕ ಬಂಧುಗಳು ಒಂದು ಸಣ್ಣ ಪ್ರಯೋಗವನ್ನು ಮಾಡಿನೋಡಬಹುದು. ತರಗತಿಯ ಚರ್ಚಾಕೂಟದಲ್ಲಿ ಉತ್ತರ ಕೊಡುವ ಮೊದಲು ಹುಡುಗನು ಎದುರಾಳಿಯ ವಾದವನ್ನು ಅವನೊಪ್ಪುವಂತೆ ಹೇಳಲಿ. ನಾಡಿನ ಎಲ್ಲೆಯನ್ನು ಹೇಳುವ ಪದ್ಯವನ್ನು ಮಕ್ಕಳು ಹೇಗೂ ಕಲಿಯುತ್ತಾರೆ. ನಾಡವರ ಗುಣವನ್ನು ಹೇಳುವ ಪದ್ಯವನ್ನು ನಾವು ಆಚರಿಸಿ ಕಲಿಸಬೇಕಾಗಿದೆ.