ಗೊಂಬೆಮನೆ ನೋಡುವವರೇ, ಮೊದಲು ಗೋಡೆಯ ದಪ್ಪ ನೋಡಿ

ನವರಾತ್ರಿಯಲ್ಲಿ ನಮ್ಮ ಮನೆಗೆ ಗೊಂಬೆ ನೋಡಲು ಬರುವವರು ನಿಂತೇ ನೋಡುತ್ತಾರೆ. ಪಟ್ಟದ ಗೊಂಬೆಗೆ ಕೈ ಮುಗಿದು, ಮೆಟ್ಟಿಲುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಕೆಳಗೆ ನೆಲದ ಮೇಲಿಟ್ಟ ತೊಟ್ಟಿಮನೆಯ ಕಡೆ ಬಗ್ಗಿ "ಅಯ್ಯೋ, ಎಷ್ಟು ಕ್ಯೂಟಾಗಿದೆ ರೀ! ಎಷ್ಟು ದಿನ ಹಿಡೀತು?" ಎಂದು ಕೇಳುತ್ತಾರೆ. ಫೋಟೊ ತೆಗೆಯುತ್ತಾರೆ, ಅರಿಶಿನ ಕುಂಕುಮ ತೆಗೆದುಕೊಂಡು ಹೊರಡುತ್ತಾರೆ. ಹೋದ ವರ್ಷ ಒಂಬತ್ತು ದಿನಗಳಲ್ಲಿ ನೆಲಕ್ಕೆ ಕೂತು ಬಾಗಿಲಲ್ಲಿ ಇಣುಕಿದವರು ಇಬ್ಬರೇ: ಒಬ್ಬ ಏಳು ವರ್ಷದ ಹುಡುಗ, ಇನ್ನೊಬ್ಬರು ಗಾರೆ ಕೆಲಸದ ಮೇಸ್ತ್ರಿ. ಮಿಕ್ಕವರ ಮೇಲೆ ನನಗೆ ಸಿಟ್ಟಿದೆ. ಆದರೆ ನೋಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದೂ ನಿಜ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊಂಬೆಮನೆ ಕಟ್ಟುವವರ ಲೆಕ್ಕ ಅಡಿಗೆ ಅಂಗುಲ. ಹನ್ನೆರಡರಲ್ಲಿ ಒಂದು ಪಾಲು. ನಿಜ ಮನೆಯಲ್ಲಿ ನಿಂತವರ ಕಣ್ಣು ನೆಲದಿಂದ ಐದಡಿ ಮೇಲಿದ್ದರೆ ಗೊಂಬೆಮನೆಯಲ್ಲಿ ಅದು ಐದಂಗುಲ. ನಿಮ್ಮ ಕಣ್ಣು ಅಲ್ಲಿಗೆ ಇಳಿಯಬೇಕು. ಇಳಿಯದಿದ್ದರೆ ನೀವು ನೋಡುತ್ತಿರುವುದು ಸೂರನ್ನು, ಮನೆಯನ್ನಲ್ಲ.

ನನಗೆ ಇದನ್ನು ಕಲಿಸಿದವರು ಎದುರುಮನೆ ತಾತ. ಆಗ ನನಗೆ ಒಂಬತ್ತು ವರ್ಷ. ನಿವೃತ್ತ ಡ್ರಾಫ್ಟ್ಸ್‌ಮನ್ ಅವರು. ತಾವು ಹುಟ್ಟಿದ ಹಳ್ಳಿಯ ತೊಟ್ಟಿಮನೆಯನ್ನು ನೆನಪಿನಿಂದ ಕಟ್ಟಿ ದಸರೆಗೆ ಹಜಾರದಲ್ಲಿ ಇಡುತ್ತಿದ್ದರು. ಎಲ್ಲರ ಹಾಗೆ ನಾನೂ ಮೇಲಿನಿಂದ ನೋಡಿ ಹೊರಟಿದ್ದೆ. "ಪುಟ್ಟೀ, ಅಲ್ಲಿಂದ ಏನು ಕಾಣುತ್ತೆ? ಹೆಂಚು ತಾನೆ? ಗದ್ದ ನೆಲಕ್ಕಿಡು" ಎಂದರು. ಇಟ್ಟೆ. ಮುಂಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲು ನಡುವಿನಲ್ಲಿ ಸವೆದು ತುಸು ತಗ್ಗಾಗಿತ್ತು. ಪಡಸಾಲೆಯ ಕತ್ತಲು ದಾಟಿದರೆ ತೊಟ್ಟಿಯಲ್ಲಿ ಬೆಳಕು. ಅದರಾಚೆ ಅಡುಗೆಮನೆಯ ಕಿಟಕಿಯಿಂದ ಒಂದು ಬಿಸಿಲಕೋಲು ಓರೆಯಾಗಿ ಒಲೆಯ ಪಕ್ಕಕ್ಕೆ ಬಿದ್ದಿತ್ತು. ನಾನು ಆ ಮನೆಯೊಳಗೇ ಇದ್ದೆ. ಅಮ್ಮ ಎರಡು ಸಲ ಕರೆದದ್ದೂ ಕೇಳಿಸಲಿಲ್ಲ.

ಆ ಬೆಳಕು ಹಾಗೆ ಬಿದ್ದದ್ದು ಏಕೆಂದು ಗೊತ್ತಾಗಲು ನನಗೆ ಮತ್ತೆ ಹದಿನೈದು ವರ್ಷ ಬೇಕಾಯಿತು. ಕಾರಣ, ಗೋಡೆಯ ದಪ್ಪ. ಹಳೆಯ ಮಣ್ಣಿನ ಗೋಡೆ ಒಂದೂವರೆ ಅಡಿ ಇರುತ್ತಿತ್ತು, ಕೆಲವು ಕಡೆ ಎರಡಡಿ. ಅಂಥ ಗೋಡೆಯಲ್ಲಿ ಕಿಟಕಿ ಎಂದರೆ ಬರೀ ತೂತಲ್ಲ. ಅದಕ್ಕೆ ಆಳವಿದೆ, ಕೂರಲು ಜಾಗವಿದೆ, ಬಿಸಿಲು ಒಳಗೆ ಬರುವ ಮೊದಲು ಆ ಆಳದ ಪಕ್ಕೆಗಳಿಗೆ ತಾಗಿ ಮೆದುವಾಗುತ್ತದೆ. ದೀಪ ಇಡುವ ಗೂಡನ್ನು ಕೊರೆಯಲು ಗೋಡೆಗೆ ಮೈ ಬೇಕು. ತಾತ ಗೋಡೆಗಳನ್ನು ಒಂದೂವರೆ ಅಂಗುಲ ದಪ್ಪಕ್ಕೆ ಎಬ್ಬಿಸಿ, ಮೂಲೆಗಳನ್ನು ಬೆರಳಿನಿಂದ ಉರುಟು ಮಾಡಿ, ಸುಣ್ಣ ಬಳಿದಿದ್ದರು. ಬಾಗಿಲ ಪಕ್ಕದ ಗೂಡಿನ ಮೇಲೆ ದೀಪದ ಮಸಿ ಹಿಡಿದ ಗುರುತೂ ಇತ್ತು. ಗೊಂಬೆಮನೆ ನೋಡಲು ಹೋದಾಗ ಹಂಡೆ ಎಷ್ಟು ಚಿಕ್ಕದು, ಬಾಳೆಗೊನೆ ಎಷ್ಟು ಮುದ್ದು ಎನ್ನುವುದನ್ನು ಆಮೇಲೆ ನೋಡಿ. ಮೊದಲು ಕಿಟಕಿಯ ಬಳಿ ಗೋಡೆಯ ದಪ್ಪ ನೋಡಿ. ಕಟ್ಟಿದವರಿಗೆ ಮನೆ ಎಂದರೇನು ಗೊತ್ತಿತ್ತೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಈಗ ಡಬ್ಬದಲ್ಲಿ ಬರುವ ಕಿಟ್‌ಗಳನ್ನು ನೋಡಿ. ಎಂಡಿಎಫ್ ಹಲಗೆ, ಲೇಸರ್‌ನಲ್ಲಿ ಕತ್ತರಿಸಿದ್ದು, ಬಹುಪಾಲು 3 ಮಿಲಿಮೀಟರ್. ಹನ್ನೆರಡರಿಂದ ಗುಣಿಸಿದರೆ 36 ಮಿಲಿಮೀಟರ್, ಹೆಚ್ಚುಕಡಿಮೆ ಒಂದೂವರೆ ಅಂಗುಲ. ಹಳೆಯ ಮನೆಯ ಮುಂಬಾಗಿಲಿನ ಹಲಗೆಗೆ ಅದು ಸರಿಯಾದ ದಪ್ಪ. ಬಾಗಿಲಿಗೆ ಮಾತ್ರ! ಅದೇ ಹಲಗೆಯಲ್ಲಿ ಗೋಡೆಯನ್ನೂ ಕುರ್ಚಿಯ ಬೆನ್ನನ್ನೂ ಪುಸ್ತಕದ ಕಪಾಟನ್ನೂ ಕತ್ತರಿಸುತ್ತಾರೆ. ಗೋಡೆ ರಟ್ಟಿನಂತೆ ತೆಳು, ಕುರ್ಚಿ ಎತ್ತಿನಗಾಡಿಯಂತೆ ಭಾರ. ದಪ್ಪ ಇರಬೇಕಾದ್ದು ತೆಳ್ಳಗೆ, ತೆಳ್ಳಗಿರಬೇಕಾದ್ದು ದಪ್ಪ. ಉದ್ದಗಲ ಸರಿ ಇದ್ದರೂ ಕಣ್ಣು ನಂಬುವುದಿಲ್ಲ, ಏಕೆ ನಂಬುತ್ತಿಲ್ಲ ಎಂದು ನೋಡುವವರಿಗೂ ತಿಳಿಯುವುದಿಲ್ಲ. ಇದಕ್ಕೆ ನೇರಳೆ ಬಣ್ಣದ ಎಲ್ಇಡಿ ಸರ ಸುತ್ತಿ, ಗ್ಲೂ ಗನ್ನಿನ ಅಂಟಿನ ಎಳೆ ನೇತಾಡಲು ಬಿಟ್ಟು, ಕಲೆ ಎನ್ನುತ್ತಾರೆ. ಒಂದು ಸ್ಪರ್ಧೆಯಲ್ಲಿ ಥರ್ಮಕೋಲ್ ಅರಮನೆಗೆ ಮೊದಲ ಬಹುಮಾನ ಹೋಗಿ, ಮೂರು ತಿಂಗಳು ಕೂತು ಒಂದೇ ಒಂದು ಬಚ್ಚಲುಮನೆ ಮಾಡಿ ತಂದಿದ್ದ ಹುಡುಗಿ ಬರಿಗೈಯಲ್ಲಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬಚ್ಚಲಿನ ಹಂಡೆಯ ಹಿಂದಿನ ಗೋಡೆಯಲ್ಲಿ ಹೊಗೆಯ ಕಪ್ಪು ಮೇಲಕ್ಕೆ ಹೋಗುತ್ತ ತೆಳುವಾಗಿತ್ತು. ತೀರ್ಪುಗಾರರು ಬಗ್ಗಲೂ ಇಲ್ಲ.

ತೆಳುವಿನ ಮಾತಿಗೆ ಬಂದರೆ ಕಷ್ಟ ಇನ್ನೂ ಹೆಚ್ಚು. ಸುದ್ದಿಪತ್ರಿಕೆಯ ಕಾಗದವನ್ನೇ ಕತ್ತರಿಸಿ ಜಗುಲಿಯ ಮೇಲೆ ಚಿಕ್ಕ ಪೇಪರ್ ಇಟ್ಟರೆ ಗೊಂಬೆಯ ಲೋಕದಲ್ಲಿ ಅದು ರಟ್ಟು. ಕಿಟಕಿಗೆ ಮಾಮೂಲಿ ಗಾಜು ಹಾಕಿದರೆ ಅಂಗಡಿಯ ಶೋಕೇಸಿಗಿಂತ ದಪ್ಪ. ಪ್ರಯೋಗಾಲಯದಲ್ಲಿ ಮೈಕ್ರೊಸ್ಕೋಪಿನ ಕೆಳಗೆ ಇಡುವ ಕವರ್ ಸ್ಲಿಪ್ ಇದಕ್ಕೆ ತಕ್ಕದ್ದು. ಅದು ಬಿರುಸು ಉಸಿರಿಗೂ ಒಡೆಯುವಷ್ಟು ನಾಜೂಕು, ಹತ್ತು ತಂದರೆ ನಾಲ್ಕು ಉಳಿಯುತ್ತವೆ. ಬಟ್ಟೆಯಂತೂ ಮಾತೇ ಕೇಳುವುದಿಲ್ಲ. ಬಟ್ಟೆಯನ್ನು ಚಿಕ್ಕದಾಗಿ ಕತ್ತರಿಸಬಹುದು, ಅದರ ನೂಲನ್ನು ಚಿಕ್ಕದು ಮಾಡಲಾಗದು. ಅಷ್ಟು ಚಿಕ್ಕ ತುಂಡಿಗೆ ತನ್ನ ಭಾರಕ್ಕೆ ತಾನೇ ಇಳಿಬೀಳುವ ಶಕ್ತಿಯೂ ಇರುವುದಿಲ್ಲ. ಹಗ್ಗದ ಮೇಲೆ ಒಣಗಲು ಹಾಕಿದ ಸೀರೆ ಸೆಟೆದು ನಿಂತುಬಿಡುತ್ತದೆ. ತೆಳು ಮಲ್ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ನೆರಿಗೆಗೆ ಗುಂಡುಸೂಜಿ ಚುಚ್ಚಿ, ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆಗೆ ಸೀರೆ ಸೀರೆಯ ಹಾಗೆ ಇಳಿದಿರುತ್ತದೆ. ಎಲ್ಲಾದರೂ ಅಂಥ ಸೀರೆ ಕಂಡರೆ ಮಾಡಿದವರನ್ನು ಹುಡುಕಿ ಎರಡು ಮಾತು ಆಡಿ ಬನ್ನಿ.

ಮರಕ್ಕೂ ಇದೇ ಮಾತು. ತೇಗದ ಗೆರೆ ದೊಡ್ಡದು. ಅಂಗೈಯಗಲದ ಮಂಚಕ್ಕೆ ತೇಗ ಹಾಕಿದರೆ ಒಂದೊಂದು ಗೆರೆಯೂ ಹಗ್ಗದಂತೆ ಕಾಣುತ್ತದೆ. ಚನ್ನಪಟ್ಟಣದವರು ಬೊಂಬೆಗೆ ಬಳಸುವ ಹಾಲೆ ಮರ ಬೆಳ್ಳಗೆ, ನುಣುಪು, ಗೆರೆ ಕಾಣದಷ್ಟು ಸಣ್ಣ. ಕಂಬಕ್ಕೂ ತೊಟ್ಟಿಲಿಗೂ ನಾನು ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ.

ಹೊರದೇಶದ ಹೆಸರಾಂತ ಮನೆಗಳ ಬಗ್ಗೆಯೂ ಕೇಳುತ್ತಾರೆ. ವಿಂಡ್ಸರ್ ಕೋಟೆಯಲ್ಲಿರುವ ಕ್ವೀನ್ ಮೇರಿಯ ಗೊಂಬೆಮನೆಯನ್ನು 1921ರಿಂದ 1924ರ ನಡುವೆ ಮಾಡಿದ್ದು. ರೂಪಿಸಿದ ಎಡ್ವಿನ್ ಲುಟಿಯೆನ್ಸ್ ಅದೇ ವರ್ಷಗಳಲ್ಲಿ ದೆಹಲಿಯಲ್ಲಿ ಇಂದಿನ ರಾಷ್ಟ್ರಪತಿ ಭವನವನ್ನೂ ಕಟ್ಟಿಸುತ್ತಿದ್ದರು. ಆ ಗೊಂಬೆಮನೆಯ ನಲ್ಲಿಯಲ್ಲಿ ನೀರು ಬರುತ್ತದೆ, ಲಿಫ್ಟ್ ಓಡಾಡುತ್ತದೆ ಎಂದು ಎಲ್ಲರೂ ಬೆರಗಾಗುತ್ತಾರೆ. ನನಗೆ ಆ ನಲ್ಲಿ ಹಿಡಿಸುವುದಿಲ್ಲ. ಹನಿ ಎಂಬುದು ಗೊಂಬೆಯ ಅಳತೆಗೆ ಚಿಕ್ಕದಾಗುವುದೇ ಇಲ್ಲ, ಆ ತೊಟ್ಟಿಯಲ್ಲಿ ಬೀಳುವ ಒಂದು ಹನಿ ನಮ್ಮ ಲೆಕ್ಕಕ್ಕೆ ಒಂದು ದೊಡ್ಡ ನಿಂಬೆಹಣ್ಣು. ಆಮ್‌ಸ್ಟರ್ಡ್ಯಾಮಿನ ರಿಜ್ಕ್ಸ್ ಮ್ಯೂಸಿಯಮ್ಮಿನಲ್ಲಿ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆ 1686ರ ಸುಮಾರಿಗೆ ಶುರುಮಾಡಿದ ಮನೆಯಿದೆ. ಅದಕ್ಕೆ ಹಾಕಿದ ದುಡ್ಡಿನಲ್ಲಿ ಕಾಲುವೆ ದಂಡೆಯ ಒಂದು ನಿಜ ಮನೆಯನ್ನೇ ಕೊಳ್ಳಬಹುದಿತ್ತು. ಆದರೆ ನನ್ನ ಮನಸ್ಸು ಸೋತದ್ದು ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟಿನ ಥಾರ್ನ್ ಕೋಣೆಗಳಿಗೆ. ಅರವತ್ತೆಂಟು ಕೋಣೆ, ಎಲ್ಲ ಅಡಿಗೆ ಅಂಗುಲ, ಗೋಡೆಯೊಳಗೆ ಕಣ್ಣಿನ ಮಟ್ಟಕ್ಕೆ ಹುದುಗಿಸಿ ಇಟ್ಟಿದ್ದಾರೆ. ಕಿಟಕಿಯಾಚೆ ತೋಟ, ತೋಟದಿಂದ ಒಳಗೆ ಬರುವ ಬೆಳಕು. ಮಗಳ ಮನೆಗೆ ಹೋದಾಗ ಎರಡು ದಿನ ಅಲ್ಲೇ ಕಳೆದೆ. ಒಂದು ಕೋಣೆಯ ಮುಂದೆ ನಿಂತಾಗ ಎದುರುಮನೆ ತಾತನ ಬಿಸಿಲಕೋಲು ನೆನಪಾಗಿ ಕಣ್ಣು ತುಂಬಿಬಂತು.

ಬಣ್ಣದ ಬಗ್ಗೆ ಹೇಳುವುದು ಕಡಿಮೆ: ಒಂದು ಪದರ ಸಾಕು, ಎರಡನೆಯದು ಹಚ್ಚಿದರೆ ಕೆತ್ತನೆ ಮುಚ್ಚಿಹೋಗುತ್ತದೆ.

ರಿಪೇರಿಯಲ್ಲಿ ಅವಸರ ಬೇಡ. ಕುರ್ಚಿಯ ಮುರಿದ ಕಾಲಿಗೆ ಸೂಪರ್ ಗ್ಲೂ ಸುರಿದವರು ಮರುದಿನ ಸುತ್ತಲೂ ಬಿಳಿ ಮಂಕು ಕವಿದದ್ದನ್ನು ನೋಡುತ್ತಾರೆ, ಮತ್ತೆ ಬಿಚ್ಚಲೂ ಬಾರದು. ಬಿಸಿನೀರಿಗೆ ಬಿಡುವ ಹಳೆಯ ಅಂಟೇ ಒಳ್ಳೆಯದು. ಐವತ್ತು ವರ್ಷದ ಮೇಲೆ ಇನ್ನೊಬ್ಬರು ಇದನ್ನು ಬಿಚ್ಚಬೇಕಾಗಬಹುದು.

ತಾತನ ತೊಟ್ಟಿಮನೆ ಈಗ ನನ್ನ ಬಳಿ ಇದೆ. ಅವರ ಮಗ ಮನೆ ಖಾಲಿ ಮಾಡುವಾಗ ಕೊಟ್ಟುಹೋದರು. ಹಿಂಬದಿಯ ಗೋಡೆಗೆ ಗೆದ್ದಲು ಹಿಡಿದಿತ್ತು, ಕೆರೆದು ಹೊಸ ಮಣ್ಣು ಮೆತ್ತಿದೆ. ಸವೆದ ಹೊಸ್ತಿಲಿಗೆ ಕೈ ಹಚ್ಚಲಿಲ್ಲ. ಹೆಂಚು ಮಾತ್ರ ಅರ್ಧದಷ್ಟು ಒಡೆದುಹೋಗಿವೆ. ಮಂಗಳೂರು ಹೆಂಚು ಸುಮಾರು 410 ಮಿಲಿಮೀಟರ್ ಉದ್ದ, ಅಡಿಗೆ ಅಂಗುಲದ ಲೆಕ್ಕಕ್ಕೆ 34. ಜೇಡಿಮಣ್ಣು ಒಣಗಿ ಸುಟ್ಟಾಗ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ, ಆದ್ದರಿಂದ ಅಚ್ಚನ್ನು 38ಕ್ಕೆ ಕೆತ್ತಿದ್ದೇನೆ. ಒಂದು ಮಿಲಿಮೀಟರ್ ದಪ್ಪದ ಹೆಂಚು ಸುಡುವಾಗ ಮೂರರಲ್ಲಿ ಎರಡು ಸೊಟ್ಟಗಾಗುತ್ತವೆ. ಈ ನವರಾತ್ರಿಗೆ ಅಡುಗೆಮನೆ ಕಡೆಯ ಮಾಡು ಬೋಳಾಗಿಯೇ ಇರುತ್ತದೆ. ಬನ್ನಿ, ಮುಂದೆ ಜಮಖಾನೆ ಹಾಸಿರುತ್ತೇನೆ. ಬೆಳಗ್ಗೆ ಒಂಬತ್ತರ ಸುಮಾರಿಗೆ ಬಂದರೆ ಹಜಾರದ ಬಿಸಿಲು ಸರಿಯಾಗಿ ಆ ಕಿಟಕಿಗೆ ಬೀಳುತ್ತದೆ.